ನಾಲ್ಕು ಬೆರಳು

ಜೂನ್ 1, ಶನಿವಾರ

ಇವತ್ತು ಒಬ್ಬ ಸೊಸೆಯನ್ನು ತೆಗೆದುಹಾಕಿದೆ. ಸ್ಟುಡಿಯೋಗೆ ಬಂದ ಅತ್ತೆ ಮದುವೆಯ ಗುಂಪು ಫೋಟೋ ಮುಂದಿಟ್ಟು, "ಇವಳೊಬ್ಬಳು ಇರ್ಬಾರ್ದು, ಮಿಕ್ಕೋರೆಲ್ಲ ಹಾಗೇ ಇರ್ಲಿ" ಎಂದಳು. ಯಾಕೆ ಏನು ಎಂದು ನಾನು ಕೇಳುವುದಿಲ್ಲ, ಅದು ನಮ್ಮ ಕಸುಬಿನ ಮರ್ಯಾದೆ. ಅಂಚಿನಲ್ಲಿ ನಿಂತವರಾದರೆ ಸಲೀಸು, ಈ ಸೊಸೆ ನಟ್ಟನಡುವೆ ನಿಂತಿದ್ದಳು. ಆದರೂ ಒಂದು ಗಂಟೆಯಲ್ಲಿ ಅವಳಿದ್ದ ಕಡೆ ಗೋಡೆ ಬಂತು, ಅವಳ ತಲೆಯ ಹಿಂದೆ ಅರ್ಧ ಮರೆಯಾಗಿದ್ದ ಗಡಿಯಾರ ಪೂರ್ತಿ ಬಂತು. ಗೆರೆ ಎಲ್ಲೂ ಕಾಣಿಸುವುದಿಲ್ಲ. ಮಾಲೀಕರು ಕನ್ನಡಕ ಏರಿಸಿ ನೋಡಿ, "ನಿಮ್ಮ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು" ಎಂದರು. ಮೂವತ್ತು ವರ್ಷದಿಂದ ಬಾಯಲ್ಲೇ ಹಾಕಿಸುತ್ತಿದ್ದಾರೆ.

ಕೈ ನನ್ನದಾದರೂ ವಿದ್ಯೆ ಅಪ್ಪನದು. ಕಂಪ್ಯೂಟರ್ ಬರುವ ಮೊದಲು ಅವರು ನೆಗೆಟಿವ್ ಮೇಲೇ ಪೆನ್ಸಿಲ್, ಬಣ್ಣ, ಚಾಕು ಹಿಡಿದು ಊರಿನವರ ಮೊಡವೆ, ಸುಕ್ಕು, ಮಾಲುಗಣ್ಣುಗಳನ್ನೆಲ್ಲ ತಿದ್ದುತ್ತಿದ್ದರು. ನನಗೆ ಹನ್ನೆರಡಾದಾಗ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮೊದಲ ಪಾಠ ಇವತ್ತಿಗೂ ಬಾಯಿಪಾಠವಾಗಿದೆ. ಕೆಂಪು ಬಣ್ಣ ಬಳಿದಿದ್ದರೆ ನೀರಲ್ಲಿ ತೊಳೆಯಬಹುದು. ಚಾಕುವಲ್ಲಿ ಕೆರೆದದ್ದು ಬ್ರಹ್ಮ ಬಂದರೂ ವಾಪಸ್ ಬರುವುದಿಲ್ಲ. ಆದ್ದರಿಂದ ಚಾಕುವನ್ನು ಮುಖಕ್ಕೆ ಹಾಕಬಾರದು.

ದೊಡ್ಡಮ್ಮನ ಕಾಗದ ಬಂದಿದೆ. ಅಪ್ಪ ಹುಟ್ಟಿದ ಮನೆ, ಅಂದರೆ ಮುಂದೆ ಸ್ಟುಡಿಯೋ ಹಿಂದೆ ಮನೆ, ರಸ್ತೆ ಅಗಲ ಮಾಡಲು ಈ ತಿಂಗಳ ಕೊನೆಗೆ ಒಡೆಯುತ್ತಾರಂತೆ. ಬೇಕಾದ್ದು ತೆಗೆದುಕೊಂಡು ಹೋಗು, ನಿಮ್ಮಪ್ಪನನ್ನೂ ಕರೆದುಕೊಂಡು ಬಾ ಎಂದು ಬರೆದಿದ್ದಾಳೆ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡಾಗಲೂ ಕಾಗದ ಬಂದಿತ್ತು, ಅಪ್ಪ ಕದಲಲಿಲ್ಲ. ಐವತ್ತೈದು ವರ್ಷದಿಂದ ಆ ಊರಿನ ಹೆಸರೆತ್ತಿದರೆ ಸಾಕು, "ಅಲ್ಲಿ ನಮಗ್ಯಾರಿದಾರೆ? ಒಂದು ಹಾವಿದೆ, ನಿಮ್ಮ ದೊಡ್ಡಮ್ಮ" ಎನ್ನುತ್ತಿದ್ದವರು, ಈ ಸಲ ಕಾಗದ ಮಡಿಸಿ, "ಹೋಗೋಣ" ಎಂದರು. ನಾನು ಉತ್ತರ ಕೊಡುವ ಮೊದಲೇ ಚೀಲ ಹುಡುಕುತ್ತಿದ್ದರು. ನನ್ನ ಗಂಡನಿಗೆ ಕೆಲಸದಲ್ಲಿ ರಜೆ ಸಿಗಲಿಲ್ಲ. ಪುಟ್ಟಿ ಬರುತ್ತಾಳೆ. ಮಗಳಿಗೆ ಇಪ್ಪತ್ತೆರಡಕ್ಕೇ ವಂಶದ ಬೇರು ಹುಡುಕುವ ಹುಚ್ಚು ಹತ್ತಿದೆ, ಮೊಬೈಲ್ ಹಿಡಿದು ಕಂಡಕಂಡವರ ಮಾತು ರೆಕಾರ್ಡ್ ಮಾಡುತ್ತಾಳೆ.

ನನಗೆ ಬೇರೂ ಬೇಡ ಬಿಳಲೂ ಬೇಡ. ನನಗೆ ಒಂದೂವರೆ ವರ್ಷವಿದ್ದಾಗ ಸತ್ತುಹೋದ ಅಮ್ಮನ ಮುಖ ನೋಡಬೇಕು, ಅಷ್ಟೇ. ನನ್ನ ಹತ್ತಿರ ಇರುವುದು ಒಂದೇ ಫೋಟೋ. ಕುರ್ಚಿಯ ಮೇಲೆ ನಾನು ನಿಂತಿದ್ದೇನೆ, ಸೊಂಟದ ಹತ್ತಿರ ನಾಲ್ಕು ಬೆರಳು ನನ್ನನ್ನು ಹಿಡಿದಿವೆ, ಅಲ್ಲಿಗೆ ಫೋಟೋ ಕತ್ತರಿಸಿದೆ. "ನಿಮ್ಮಮ್ಮನಿಗೆ ಫೋಟೋ ತೆಗೆಸಿಕೊಳ್ಳೋದು ಇಷ್ಟ ಇರಲಿಲ್ಲ" ಎನ್ನುತ್ತಾರೆ ಅಪ್ಪ. ಇದ್ದ ಒಂದೆರಡನ್ನೂ ದೊಡ್ಡಮ್ಮ ಹೊಟ್ಟೆಕಿಚ್ಚಿಗೆ ಹಾಳುಮಾಡಿದಳಂತೆ. ಆದರೆ ಕತ್ತರಿಸಿದ ಫೋಟೋಗೂ ಒಂದು ಗಾಜಿನ ನೆಗೆಟಿವ್ ಇದ್ದೇ ಇರಬೇಕಲ್ಲ. ಐವತ್ತೈದು ವರ್ಷ ನಾಲ್ಕು ಬೆರಳನ್ನು ನೋಡಿಕೊಂಡೇ ಅಮ್ಮಾ ಎಂದವಳು ನಾನು.

ಅಪ್ಪನ ಮಾತ್ರೆ ವಾರಕ್ಕಾಗುವಷ್ಟು ಡಬ್ಬಿಗೆ ತುಂಬಿಸಿದೆ. ಬೆಳಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಮೂರು.

ಜೂನ್ 3, ಸೋಮವಾರ

ರೈಲಿನಲ್ಲಿ ಪುಟ್ಟಿ ಅಜ್ಜನ ಬಾಯಿಗೆ ಮೊಬೈಲ್ ಹಿಡಿದಳು.

"ಅಜ್ಜಿಗೆ ಏನಾಗಿತ್ತು ಅಜ್ಜ?"

"ಜ್ವರ."

"ಎಷ್ಟು ದಿನದ ಜ್ವರ?"

"ಜ್ವರ ಅಂದ್ರೆ ಜ್ವರ. ಕ್ಯಾಲೆಂಡರ್ ಇಟ್ಕೊಂಡು ಕೂತಿದ್ನಾ ನಾನು?"

ವಯಸ್ಸಾದವರ ಹಳೆಯ ಗಾಯ ಕೆದಕಬೇಡ ಎಂದು ಪುಟ್ಟಿಗೆ ಬೈದೆ. ಅಪ್ಪನ ಬೂಟಿನ ದಾರ ಬಿಚ್ಚಿ, ಕಾಲು ಎದುರಿನ ಸೀಟಿನ ಮೇಲಿಟ್ಟೆ. ಪಾದ ಊದಿಕೊಂಡಿತ್ತು.

ಊರಿನ ಮನೆಯಲ್ಲಿ ಮುದುಕಿ, ಅಂದರೆ ದೊಡ್ಡಮ್ಮ, ಬಾಗಿಲಲ್ಲೇ ನಿಂತಿದ್ದಳು. ಎಂಬತ್ತೆರಡಂತೆ. ಬೆನ್ನು ಬಾಗಿದೆ, ನಾಲಿಗೆ ನೆಟ್ಟಗಿದೆ. "ಬಂದ್ಯಾ ಎಡಚ? ಚಪ್ಪಲಿ ಹುಡುಕೋಕೆ ಐವತ್ತೈದು ವರ್ಷ ಬೇಕಾಯ್ತಾ?" ಎಂದಳು. ಅಪ್ಪ ಎಡಗೈಯಲ್ಲಿ ಕೆಲಸ ಮಾಡುವವರು, ನಿಜ. ಅದಕ್ಕೆ ಎಂಬತ್ತು ವರ್ಷದವರನ್ನು ಮಗಳು ಮೊಮ್ಮಗಳ ಎದುರು ಹಾಗೆ ಕರೆಯುವುದೇ? ಅಪ್ಪ ಕೇಳಿಸದವರಂತೆ ಒಳಗೆ ಹೋದರು. ಮುದುಕಿ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು, ಪ್ರಿಂಟ್ ಸರಿ ಬಂದಿದೆಯೇ ಎಂದು ನೋಡುವ ಹಾಗೆ. ಬಹಳ ಹೊತ್ತು ನೋಡಿದಳು. ನನಗೆ ಮೈಯೆಲ್ಲ ಉರಿಯಿತು.

"ಕಿಟಕಿ ಪಕ್ಕದ ಮೇಜು ನಿಂದು. ಅಲ್ಲಿ ಕೂತ್ಕೊ, ಬೆಳಕು ಚೆನ್ನಾಗಿದೆ" ಎಂದಳು.

ಅಲ್ಲೇ ಕೂತು ಬರೆಯುತ್ತಿದ್ದೇನೆ. ಮೇಜಿನ ತುಂಬ ಸಣ್ಣ ಬಟ್ಟಲುಗಳ ತಳದ ಗುರುತು, ಗುಲಾಬಿ, ಹಸಿರು, ಕಂದು. ಕಪ್ಪು ಬಿಳುಪು ಫೋಟೋಗೆ ಕುಂಚದಲ್ಲಿ ಬಣ್ಣ ಹಾಕುವವರು ಯಾರೋ ಇಲ್ಲಿ ಕೂರುತ್ತಿದ್ದಿರಬೇಕು.

ಅಪ್ಪ ರಾತ್ರಿಯ ಮೂರು ನುಂಗಿ ಮಲಗಿದರು.

ಜೂನ್ 4, ಮಂಗಳವಾರ

ನೆಗೆಟಿವ್ ಇಟ್ಟಿರುವುದು ಮಹಡಿಯ ಕೋಣೆಯಲ್ಲಿ. ಸೂರಿನವರೆಗೆ ಮರದ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ಸಾಲಾಗಿ ಗಾಜು. ಬೆಳಗ್ಗೆ ಚಹಾ ಕೂಡ ಕುಡಿಯದೆ ಅಪ್ಪ ಮೆಟ್ಟಿಲು ಹತ್ತಿದ್ದರು. ನಾನೂ ಹೋದೆ. "ಧೂಳು, ನಿಂಗೆ ಸೀನು ಬರುತ್ತೆ. ಕೆಳಗೆ ಹೋಗು, ಸಿಕ್ರೆ ನಾನೇ ಕರೀತೀನಿ" ಎಂದರು. ಬಾಗಿಲಲ್ಲೇ ನಿಂತು ನೋಡಿದೆ. ಒಂದೊಂದೇ ಗಾಜನ್ನು ಬಲ್ಬಿಗೆ ಹಿಡಿದು, ತಲೆಯಾಡಿಸಿ, ಕೆಳಗಿಡುತ್ತಿದ್ದರು. ಈ ವಯಸ್ಸಿನಲ್ಲಿ ಹೆಂಡತಿಯ ಮುಖ ಹುಡುಕುತ್ತಿದ್ದಾರಲ್ಲ ಎಂದು ಅಯ್ಯೋ ಅನ್ನಿಸಿತು. ಎರಡನೇ ಮದುವೆ ಮಾಡಿಕೊಳ್ಳದೆ, ಒಬ್ಬರೇ ನನ್ನ ಜಡೆ ಹೆಣೆದು, ಬುತ್ತಿ ಕಟ್ಟಿ ಸಾಕಿದವರು.

ಕೆಳಗೆ ಪುಟ್ಟಿ ಮುದುಕಿಯ ಹಿಂದೆ ಬಿದ್ದಿದ್ದಳು. "ದೊಡ್ಡಜ್ಜಿ, ನಮ್ಮಜ್ಜಿ ಹೇಗಿದ್ರು?"

"ನಿಮ್ಮಜ್ಜನ್ನೇ ಕೇಳು. ಅವನು ಹೇಳಿದ್ಮೇಲೆ ನಾನು ಹೇಳ್ತೀನಿ."

"ಅವರು ಜ್ವರ ಅಂದ್ರು."

"ಹ್ಞೂಂ, ಜ್ವರವೇ. ಯಾರಿಗೆ ಬಂದಿತ್ತು ಅಂತ ಕೇಳು."

ಇವಳ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಬಡಿಸುವಾಗ ಮಾತ್ರ ನನ್ನ ತಟ್ಟೆಗೆ ಎರಡು ಸಲ ಹೆಚ್ಚು ಬಡಿಸುತ್ತಾಳೆ. ಪಾಪಪ್ರಜ್ಞೆಯಿರಬೇಕು. ಹಾಳುಮಾಡಿದವಳಿಗೆ ಅಷ್ಟಾದರೂ ಇರಲಿ.

ಮಾತ್ರೆ ಕೊಟ್ಟಾಯಿತು.

ಜೂನ್ 5, ಬುಧವಾರ

ಸಿಗಲಿಲ್ಲ. ಎಲ್ಲರ ಮನೆಯ ಮದುವೆ, ಮಗು, ಹೆಣ ಎಲ್ಲವೂ ಇವೆ, ನನ್ನ ಅಮ್ಮ ಒಬ್ಬಳು ಇಲ್ಲ. ಅಪ್ಪ ರೇಗುತ್ತಿದ್ದಾರೆ. ಮಧ್ಯಾಹ್ನದ ಮಾತ್ರೆ ಕೈಯಿಂದ ತಟ್ಟಿ ಬೀಳಿಸಿದರು, ಮೇಜಿನ ಕೆಳಗೆ ನುಸುಳಿ ಹುಡುಕಿ ಕೊಟ್ಟೆ.

ಜೂನ್ 6, ಗುರುವಾರ

ಮುದುಕಿಯ ಮಂಚದ ಕೆಳಗಿತ್ತು. ಎರಡು ದಿನ ನಾವು ಮಹಡಿಯಲ್ಲಿ ಧೂಳು ತಿನ್ನುವುದನ್ನು ನೋಡಿಕೊಂಡು ಸುಮ್ಮನಿದ್ದವಳು, ಇವತ್ತು ಹತ್ತು ಗಂಟೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಗಾಜನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ಇದೇನಾ ನೀನು ಹುಡುಕ್ತಿರೋದು?"

ಕಿಟಕಿಗೆ ಹಿಡಿದೆ. ನೆಗೆಟಿವ್ ಓದುವುದು ನನಗೆ ಪುಸ್ತಕ ಓದಿದಷ್ಟೇ ಸುಲಭ. ಹಿಂದೆ ದೊಡ್ಡಪ್ಪ, ದೊಡ್ಡಮ್ಮ. ಒಂದು ಬದಿಗೆ ಅಪ್ಪ. ಕುರ್ಚಿಯ ಮೇಲೆ ನಾನು. ನನ್ನ ಸೊಂಟದ ಹತ್ತಿರ ಆ ನಾಲ್ಕು ಬೆರಳು, ಬೆರಳಿಗೆ ಮುಂಗೈ, ಮುಂಗೈಗೆ ಒಂದು ಬಳೆ, ಮೊಳಕೈ. ಅಲ್ಲಿಂದ ಮೇಲೆ ತೋಳು, ಕತ್ತು, ಮುಖ ಎಲ್ಲಕ್ಕೂ ದಪ್ಪಗೆ ಕೆಂಪು ಬಣ್ಣ ಬಳಿದಿತ್ತು.

ಅಪ್ಪ ಮೆಟ್ಟಿಲಿಳಿದು ಬಂದವರು ನನ್ನ ಕೈಯಲ್ಲಿದ್ದುದನ್ನು ನೋಡಿದರು. "ಕೊಡು ಇಲ್ಲಿ. ಒಡೆದು ಹಾಕ್ತೀನಿ. ನೋಡಿದ್ರೆ ನಿಂಗೇ ನೋವು" ಎಂದು ಕೈ ಚಾಚಿದರು. ನಾನು ಕೊಡಲಿಲ್ಲ. ನನ್ನ ನೋವಿಗೆ ಮರುಗುವ ಜೀವ ಅದೊಂದೇ ಎಂದುಕೊಂಡೆ, ಕಣ್ಣು ತುಂಬಿ ಬಂತು, ಆ ಸಿಟ್ಟೆಲ್ಲ ಮುದುಕಿಯ ಮೇಲೆ ತಿರುಗಿತು.

"ಸತ್ತವಳ ಮುಖದ ಮೇಲೂ ಬಣ್ಣ ಬಳಿಯೋವಷ್ಟು ಹೊಟ್ಟೆಕಿಚ್ಚಾ ನಿಮಗೆ? ನೀವೇ ತಾನೇ ಬಳಿದಿದ್ದು?"

"ಬಣ್ಣ ಬಳಿದಿದ್ದು ನಾನೇ ಕಣೇ."

"ಯಾಕೆ?"

ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅಪ್ಪ ಎಡಗೈಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಎಂದು ಗೊಣಗಿ ಮುದುಕಿ ಅಡುಗೆಮನೆಗೆ ನಡೆದಳು. ಅಪ್ಪನಿಗೆ ಬರೀ ಅವಮಾನ ಮಾಡುವುದೇ ಇವಳ ಕಸುಬು.

ಬಣ್ಣವೇ ತಾನೇ. ಎಷ್ಟೇ ದಪ್ಪವಿರಲಿ, ನೀರಿಗೆ ಹೋಗುತ್ತದೆ. ಪುಟ್ಟಿಯನ್ನು ಹತ್ತಿ ತರಲು ಅಂಗಡಿಗೆ ಕಳಿಸಿದ್ದೇನೆ. ಅವಳು ಬರುವಷ್ಟರಲ್ಲಿ ಕತ್ತಲಾಗುತ್ತದೆ, ಬೆಳಗಿನ ಬೆಳಕಿನಲ್ಲಿ ತೊಳೆಯುತ್ತೇನೆ. ನಾಳೆ ಈ ಹೊತ್ತಿಗೆ ನಾನು ಅಮ್ಮನನ್ನು ನೋಡಿರುತ್ತೇನೆ.

ಜೂನ್ 7, ಶುಕ್ರವಾರ, ಬೆಳಗ್ಗೆ

ತೊಳೆದೆ. ಹತ್ತಿಯನ್ನು ಅದ್ದಿ, ಹಿಂಡಿ, ಒತ್ತದೆ, ಅಂಚಿನಿಂದ ನಡುವಿಗೆ. ತೋಳು ಬಂತು. ಭುಜ ಬಂತು. ಕತ್ತು, ಒಂದು ಓಲೆ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. ಮುಖ ಇರಬೇಕಾದ ಕಡೆ ಬರೀ ಗಾಜು. ಗಾಜಿನಾಚೆ ಕಿಟಕಿಯ ಸರಳು ಕಾಣಿಸಿತು.

ಬಣ್ಣದ ಕೆಳಗೆ ಚಾಕು ಆಡಿಸಿತ್ತು.

ಗೀರುಗಳೆಲ್ಲ ಎಡಗೈಯವರು ಎಳೆದರೆ ವಾಲುವ ಕಡೆಗೇ ವಾಲಿವೆ. ಪ್ರತಿ ಗೀರಿನ ಕೊನೆಗೂ, ಚಾಕು ಎತ್ತುವ ಕಡೆ, ಒಂದು ಸಣ್ಣ ಕೊಕ್ಕೆ. ನಾನು ಕಲಿಯುವಾಗ ಆ ಕೊಕ್ಕೆ ಬಂದರೆ ಬೆರಳ ಗಂಟಿಗೆ ಸ್ಕೇಲಿನಲ್ಲಿ ಏಟು ಬೀಳುತ್ತಿತ್ತು: "ಇದು ನನ್ನ ಕೆಟ್ಟ ಅಭ್ಯಾಸ, ನೀನು ಕಲೀಬೇಡ." ಸಾವಿರ ನೆಗೆಟಿವ್‌ಗಳಲ್ಲಿ ಆ ಕೊಕ್ಕೆ ನೋಡಿದ್ದೇನೆ. ಸಹಿಯನ್ನಾದರೂ ಬೇರೆಯವರು ಹಾಕಬಹುದು, ಅದನ್ನು ಹಾಕಲಾರರು.

ಇದು ಅಪ್ಪನ ಕೈ.

ಅದೇ ದಿನ, ಸಂಜೆ

ದೊಡ್ಡಮ್ಮ ಪಕ್ಕದಲ್ಲಿ ಬಂದು ಕೂತರು. ಒದ್ದೆ ಹತ್ತಿ ಕೆಂಪಗೆ ರಾಶಿ ಬಿದ್ದಿತ್ತು. "ನಾನು ಮುಚ್ಚಿದ್ದೆ. ನೀನು ತೊಳೆದೆ" ಎಂದರು. ಬೈಯುವ ದನಿಯಲ್ಲ. ಆಮೇಲೆ ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದಿಡುತ್ತೇನೆ, ನಾಳೆ ನನಗೇ ನಂಬಿಕೆ ಬಾರದೆ ಹೋದೀತು.

"ನಿಮ್ಮಮ್ಮ ಈ ಮೇಜಲ್ಲಿ ಬಣ್ಣ ಹಾಕ್ತಿದ್ಲು. ಅವಳು ಬಣ್ಣ ಹಾಕಿದ್ರೆ ಹೆಣದ ಫೋಟೋ ಕೂಡ ಎದ್ದು ಕೂರೋ ಹಾಗಿರೋದು. ಬಂದೋರೆಲ್ಲ ಅವಳನ್ನೇ ಕೇಳೋರು. ನಿಮ್ಮಪ್ಪ ರಾತ್ರಿಯೆಲ್ಲ ಕೂತು ತಿದ್ದಿದ್ದನ್ನ ಯಾರು ನೋಡ್ತಾರೆ? ತಿದ್ದಿದ್ದು ಕಾಣ್ಬಾರ್ದು, ಅದೇ ತಾನೇ ಅವನ ಕೆಲಸ. ಕೆಲಸ ಬಿಡು ಅಂದ. ಬಿಡಲ್ಲ ಅಂದ್ಲು. ಅಷ್ಟೇ ಕಣೇ. ಇನ್ನೇನೂ ಇಲ್ಲ. ಅವಳ ಎದುರಿಗೇ ಅವಳ ಮುಖ ಕೆರೆದ. ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ನಿನ್ನ ಎತ್ಕೊಂಡು ರೈಲು ಹತ್ತಿದ."

"ಜ್ವರ?"

"ಯಾವ ಜ್ವರ? ನಿಮ್ಮಮ್ಮ ಸತ್ತಿದ್ದು ನಾಲ್ಕು ವರ್ಷದ ಹಿಂದೆ."

ದೊಡ್ಡಮ್ಮ ಮಾತಾಡುತ್ತಲೇ ಇದ್ದರು. ಅಮ್ಮ ಇದೇ ಮನೆಯಲ್ಲಿದ್ದಳು. ಎರಡು ಊರು ಅಲೆದು ಹುಡುಕಿದಳು. ದೊಡ್ಡಪ್ಪನ ಹತ್ತಿರ ವಿಳಾಸ ಇತ್ತು, ಅವರು ಬಾಯಿ ಬಿಡಲಿಲ್ಲ, ಅವಳ ಎದುರಿಗೇ ಕೂತು ದಿನಾ ಊಟ ಮಾಡಿದರು. ಅವರು ಹೋದಮೇಲೆ ಬೀರು ಒತ್ತರಿಸುವಾಗ ದೊಡ್ಡಮ್ಮನಿಗೆ ಅಪ್ಪನ ಕಾಗದ ಸಿಕ್ಕಿತಂತೆ. ತಂದು ತೋರಿಸಿದರು. "ಮಗು ತಾಯಿ ಸತ್ತಳೆಂದು ತಿಳಿದಿದೆ. ತಿಳಿದಂತೆಯೇ ಇರಲಿ." ಅದೇ ದುಂಡು ಅಕ್ಷರ, ನನ್ನ ಶಾಲೆಯ ಪುಸ್ತಕಗಳ ಮೇಲೆ ನನ್ನ ಹೆಸರು ಬರೆದುಕೊಡುತ್ತಿದ್ದ ಅಕ್ಷರ.

"ಬೇರೆ ಒಂದಾದ್ರೂ ಫೋಟೋ ಇಲ್ವಾ ದೊಡ್ಡಮ್ಮ? ಐವತ್ತು ವರ್ಷ ಸ್ಟುಡಿಯೋದಲ್ಲೇ ಇದ್ದವರು?"

"ಕ್ಯಾಮೆರಾ ಮುಂದೆ ಕೂರಲಿಲ್ಲ. 'ಒಂದ್ಸಲ ಕೆರೆಸಿಕೊಂಡಿದ್ದು ಸಾಕು ಅಕ್ಕಾ' ಅನ್ನೋಳು. ನಾನು ಆ ಗಾಜಿಗೆ ಬಣ್ಣ ಬಳಿದೆ. ಅವಳು ದಿನಾ ಅದನ್ನ ಬೆಳಕಿಗೆ ಹಿಡಿದು ನೋಡೋಳು, ನೋಡೋಕಾಗ್ತಿರಲಿಲ್ಲ ನಂಗೆ."

"ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ಅವನೇ ಹೇಳ್ಲಿ ಅಂತ ಕಾದೆ. ಅವನ ಬಾಯಿಂದ ಬಂದ್ರೆ ನಿಂಗೆ ಅಪ್ಪನಾದ್ರೂ ಉಳೀತಿದ್ದ."

ನಾಲ್ಕು ವರ್ಷದ ಹಿಂದೆ, ಆ ತಿಂಗಳು, ನಾನು ಅಪ್ಪನ ಕಣ್ಣಿನ ಆಪರೇಷನ್‌ಗೆಂದು ರಜೆ ಹಾಕಿದ್ದೆ. ಎರಡು ಗಂಟೆಗೊಮ್ಮೆ ಅವರ ರೆಪ್ಪೆ ಬಿಡಿಸಿ ಔಷಧಿಯ ಹನಿ ಬಿಡುತ್ತಿದ್ದೆ. ಇಲ್ಲಿ ನನ್ನ ತಾಯಿ ಸಾಯುತ್ತಿದ್ದಳು, ಅಲ್ಲಿ ನಾನು ಅವರಿಗೆ ಕಣ್ಣು ಕಾಣಿಸಲಿ ಎಂದು ಒದ್ದಾಡುತ್ತಿದ್ದೆ.

ಬಟ್ಟಲಿನ ಗುರುತುಗಳ ಮೇಲೆ ಬೆರಳಿಟ್ಟು ನೋಡಿದೆ. ಏನೂ ಅನ್ನಿಸಲಿಲ್ಲ. ಒಣಗಿದ ಬಣ್ಣ, ಅಷ್ಟೇ.

ಜೂನ್ 8, ಶನಿವಾರ

ಕೇಳಿದೆ. ಹೊರಗಿನ ಜಗಲಿಯಲ್ಲಿ ಬೂಟು ಹಾಕಿಕೊಳ್ಳಲು ಹೆಣಗುತ್ತಿದ್ದರು. ಗಾಜನ್ನು ಮುಂದೆ ಹಿಡಿದೆ.

"ಇದು ನಿಮ್ಮ ಕೈ."

ನೋಡಿದರು. ಸುಳ್ಳು ಹೇಳಲಿಲ್ಲ, ಅದೊಂದು ದೊಡ್ಡ ಉಪಕಾರ. "ಆಗ ನಂಗೆ ಇಪ್ಪತ್ತೈದು" ಎಂದರು. ಬೂಟಿಗೆ ಕಾಲು ತೂರಿಸುತ್ತಾ, "ನಿನ್ನ ಚೆನ್ನಾಗಿ ಸಾಕಲಿಲ್ವಾ ನಾನು?" ಎಂದರು.

ಸಾಕಿದರು. ಉರಿಯುವುದೇ ಅದಕ್ಕೆ. ಹೊಡೆದು ಬಡಿದು ಉಪವಾಸ ಕೆಡವಿದ್ದರೆ ಇವತ್ತು ಎಷ್ಟು ಸುಲಭವಾಗುತ್ತಿತ್ತು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈಯೂ ಅದೇ ಎಡಗೈ.

"ಇದನ್ನೇ ಹುಡುಕೋಕೆ ಬಂದ್ರಿ ಅಲ್ವಾ? ಒಡೆಯೋಕೆ."

"ನೀನು ನೋಡ್ಬಾರ್ದು ಅಂತ." ಆಮೇಲೆ, "ಬೆಳಗಿನ ಮಾತ್ರೆ ಎಲ್ಲಿ?"

ಚೀಲದಲ್ಲಿದೆ ಎಂದೆ. ಯಾವುದು ಎಷ್ಟು ಎಂದು ಅವರಿಗೆ ಗೊತ್ತಿಲ್ಲ. ಪುಟ್ಟಿ ತೆಗೆದು ಕೊಟ್ಟಳು. ಬೂಟಿನ ದಾರವನ್ನೂ ಅವಳೇ ಕಟ್ಟಿದಳು.

ಪುಟ್ಟಿಗೆ ನಿನ್ನೆಯೇ ಎಲ್ಲ ಹೇಳಿದ್ದೆ. ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ. ಆದರೂ ಹೊರಡುವ ಮೊದಲು, "ಒಡೆದುಹಾಕೋ ಮನೆ, ಎಲ್ಲರೂ ಒಂದ್ಸಲ ನಿಂತ್ಕೊಳ್ಳಿ" ಎಂದು ಹಟ ಹಿಡಿದಳು. ಅವಳ ಮೊಬೈಲನ್ನು ಸ್ಟುಡಿಯೋದ ಹಳೆಯ ಸ್ಟ್ಯಾಂಡಿಗೆ ಕಟ್ಟಿದೆ. ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕ ಪುಟ್ಟಿ. ಪುಟ್ಟಿಯ ಅಜ್ಜನನ್ನು ಅವಳ ಆಚೆ, ಅಂಚಿಗೆ ನಿಲ್ಲಿಸಿದೆ. ಕಸುಬಿನವಳು, ಯಾರು ಎಲ್ಲಿ ನಿಲ್ಲಬೇಕು ಎಂದು ನನಗೆ ಗೊತ್ತಾಗುತ್ತದೆ. ಅವರು ಪುಟ್ಟಿಯ ಭುಜದ ಮೇಲೆ ಕೈಯಿಟ್ಟರು. ಅವಳು ಕೊಡವಲಿಲ್ಲ.

ದೊಡ್ಡಮ್ಮ ಅಮ್ಮನ ಮೂರು ಕುಂಚಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ನಮ್ಮ ಜೊತೆ ಬನ್ನಿ ದೊಡ್ಡಮ್ಮ" ಎಂದೆ. "ನಿಮ್ಮನೇಲಿ ಅವನಿದಾನಲ್ಲ" ಎಂದರು. ರೈಲಿನಲ್ಲಿ ನಾನು ಬೇರೆ ಸಾಲಿನಲ್ಲಿ ಕೂತೆ.

ಜೂನ್ 15, ಶನಿವಾರ

ವಾರವಿಡೀ ಕೆಲಸ. ಬರೆಯುವಂಥದ್ದೇನೂ ಇಲ್ಲ. ಮನೆಯಲ್ಲಿ ಮಾತು ಕಡಿಮೆ. ಪುಟ್ಟಿ ಮಾತ್ರೆಯ ಡಬ್ಬಿಯನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದಾಳೆ.

ಸೊಸೆಯನ್ನು ತೆಗೆಸಿದ ಅತ್ತೆ ಇವತ್ತು ಬಂದು ಫೋಟೋ ತೆಗೆದುಕೊಂಡು ಹೋದಳು. ಗಡಿಯಾರ ಬಹಳ ಚೆನ್ನಾಗಿ ಬಂದಿದೆ ಎಂದಳು.

ಆಮೇಲೆ ಕೈ ಖಾಲಿಯಿತ್ತು. ಊರಿನ ಫೋಟೋ ತೆರೆದು ಕೂತೆ, ಪ್ರಿಂಟ್ ಹಾಕಿಸಿ ದೊಡ್ಡಮ್ಮನಿಗೆ ಕಳಿಸಬೇಕು. ಅಂಚು ಸಲೀಸು, ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲು ಪೂರ್ತಿ ಬಂತು, ಬಾಗಿಲ ಪಕ್ಕದ ಇಟ್ಟಿಗೆ ಬಂತು. ಗೆರೆ ಎಲ್ಲೂ ಕಾಣಿಸುವುದಿಲ್ಲ. ಪುಟ್ಟಿಯ ಭುಜದ ಮೇಲೆ ಮಾತ್ರ ನಾಲ್ಕು ಬೆರಳು ಉಳಿದವು. ತೆಗೆದರೆ ಬಟ್ಟೆಯ ಮಡಿಕೆ ಹಾಳಾಗುತ್ತಿತ್ತು, ಬಿಟ್ಟೆ.

ಮನೆಗೆ ತಂದು ಮೇಜಿನ ಮೇಲಿಟ್ಟೆ. ಪುಟ್ಟಿ ಕೈಗೆತ್ತಿಕೊಂಡು ನೋಡಿದಳು.

"ಅಮ್ಮಾ, ಅಜ್ಜ ಎಲ್ಲಿ?"

"ಅವರಿಗೆ ಫೋಟೋ ತೆಗೆಸಿಕೊಳ್ಳೋದು ಇಷ್ಟ ಇರಲಿಲ್ಲ" ಎಂದೆ.

ಅವಳು ಫೋಟೋ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಯಾಕೆ ಹಾಗೆ ನೋಡಿದಳೋ ತಿಳಿಯಲಿಲ್ಲ, ಕೇಳಲೂ ಇಲ್ಲ.